ಮಂಡಿಯ ಹರಕೆ

ಗಡ್ಡಕ್ಕೆ ಒಂಬತ್ತು ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ವೃಷಭೇಂದ್ರಪ್ಪ ನಡುಮನೆಯ ಕನ್ನಡಿಯ ಮುಂದೆ ನಿಂತು, ಇಷ್ಟು ದಿನ ತುಂಬಿದರೆ ಹೆಂಗಸರಿಗಾದರೂ ಕೈಗೊಂದು ಕೂಸು ಬರುತ್ತದೆ, ತನಗೆ ಬಂದದ್ದು ತುರಿಕೆ ಮಾತ್ರ ಎಂದುಕೊಂಡ. ಗಡ್ಡ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟುತ್ತಿತ್ತು. ಬಲಗಡೆ ಕಪ್ಪು, ಎಡಗಡೆ ನರೆ. ಇಬ್ಬರು ಬೇರೆ ಬೇರೆ ಮನುಷ್ಯರ ಗಡ್ಡವನ್ನು ಯಾರೋ ಅವಸರದಲ್ಲಿ ಒಬ್ಬನ ಮುಖಕ್ಕೇ ಅಂಟಿಸಿದ ಹಾಗಿತ್ತು. ಊಟಕ್ಕೆ ಕೂತರೆ ಸಾರು ಅದಕ್ಕೇ ಮೊದಲು. ಬೆಲ್ಲದ ಮಂಡಿಯಲ್ಲಿ ಗಾದಿಯ ಮೇಲೆ ಕೂತರೆ ನೊಣಗಳಿಗೆ ಬೆಲ್ಲದ ಅಚ್ಚಿಗಿಂತ ಅದೇ ಇಷ್ಟ. ಇವನ್ನೆಲ್ಲ ಅವನು ಸಹಿಸಿದ್ದ. ಸಹಿಸಲಾಗದೆ ಹೋದದ್ದು ನಿನ್ನೆ ಸಂಜೆ ಹೆಂಡತಿ ಮಹಾದೇವಮ್ಮ ತಂದ ಸಂತೋಷದ ಸುದ್ದಿಯನ್ನು. ಅವಳು ಅಡಿಗೆಮನೆಯ ಹೊಸ್ತಿಲನ್ನು ಒಂದು ಸಲ ದಾಟಿ, ಮತ್ತೆ ಹಿಂದಕ್ಕೆ ದಾಟಿ ತೋರಿಸಿ, "ನೋಡುದ್ರಾ? ಮಂಡಿ ಪೂರ್ತಿ ವಾಸಿ ಆಯ್ತು ಕಣ್ರೀ. ನಾಳಿದ್ದು ಸೋಮ್ವಾರ. ಮಾದಪ್ಪನ ಬೆಟ್ಟಕ್ಕೋಗಿ ಮುಡಿ ಕೊಟ್ಟುಬುಟ್ಟು ಬರಮ. ತಾಳಬೆಟ್ಟದಿಂದ ನಾನೂ ನಡ್ಕಂಡೇ ಬತ್ತೀನಿ" ಎಂದಿದ್ದಳು. ವೃಷಭೇಂದ್ರಪ್ಪ ನಗಲು ನೋಡಿದ. ಗಡ್ಡದ ಒಂದು ಉಪಕಾರವೆಂದರೆ, ಅದರೊಳಗೆ ಮನುಷ್ಯ ನಕ್ಕನೋ ಇಲ್ಲವೋ ಹೊರಗಿನವರಿಗೆ ತಿಳಿಯುವುದಿಲ್ಲ.

ಯಾಕೆಂದರೆ ಹರಕೆ ಅವಳ ಮಂಡಿಗಾಗಿ ಇರಲಿಲ್ಲ. ಅದು ಮಹದೇವಯ್ಯನ ಮಂಡಿಗೆ ಹೊತ್ತದ್ದು. ಮಹದೇವಯ್ಯ ಕೊಳ್ಳೇಗಾಲದ ಫುಟ್‌ಬಾಲ್ ಟೀಮಿನ ಸೆಂಟರ್ ಫಾರ್ವರ್ಡು, ತಾಲ್ಲೂಕು ಕಚೇರಿಯ ಜವಾನ, ಇಪ್ಪತ್ನಾಲ್ಕು ವರ್ಷದ ಕಡ್ಡಿಯಂಥ ಹುಡುಗ. ದೀಪಾವಳಿ ಕಳೆದ ಮೇಲೆ ಯಳಂದೂರಿನಲ್ಲಿ ಆಡುವಾಗ ಅಲ್ಲಿನ ಒಬ್ಬ ದಾಂಡಿಗ ಅವನ ಬಲ ಮಂಡಿಗೆ ಒದ್ದು, ಅವನನ್ನು ನಾಲ್ಕು ಜನ ಎತ್ತಿ ಗಾಡಿಗೆ ಹಾಕಬೇಕಾಯಿತು. ಹತ್ತು ಮೈಲಿ ದೂರದ ಊರಾದರೂ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆ. ಹಾಗಾಗಿ ಅದು ಬರಿ ಒದೆಯಲ್ಲ, ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಕೊಟ್ಟ ಒದೆ ಎಂದು ವೃಷಭೇಂದ್ರಪ್ಪ ಮನೆಗೆ ಬರುವವರೆಗೂ ಗಾಡಿಯಲ್ಲಿ ಬೈಯುತ್ತಲೇ ಇದ್ದ. ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಕಣ್ಣುಮುಚ್ಚಿದರೆ ಆ ಮಂಡಿಯೇ ಕಂಡಿತು. "ಏಳುಮಲೆ ಮಾದಪ್ಪ, ಆ ಮಂಡಿ ಒಂದ ನೆಟ್ಗೆ ಮಾಡ್ಬುಡಪ್ಪ" ಎಂದು ಗಟ್ಟಿಯಾಗಿಯೇ ಕೂಗಿಕೊಂಡ. ಮುಂದಿನ ಮಾತು, ಅವನು ಮತ್ತೆ ಒಂದು ಗೋಲು ಹೊಡೆಯುವ ತನಕ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ ಎಂಬುದು, ನಲವತ್ತಾರು ವರ್ಷದ ಮನುಷ್ಯ ಗಟ್ಟಿಯಾಗಿ ಹೇಳುವಂಥದಲ್ಲವೆಂದು ತೋರಿ ಮನಸ್ಸಿನಲ್ಲೇ ಹೇಳಿಕೊಂಡ. ಒಲೆಯ ಮುಂದೆ ಕೂತಿದ್ದ ಮಹಾದೇವಮ್ಮನಿಗೆ ಅರ್ಧ ಹರಕೆ ಕೇಳಿಸಿತು. ಬಾವಿಯ ಮೆಟ್ಟಿಲಲ್ಲಿ ಜಾರಿ ಬಿದ್ದು ಅವಳಿಗೆ ಆಗಲೇ ಎರಡು ವರ್ಷದಿಂದ ಮಂಡಿನೋವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅವತ್ತು ರಾಗಿಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ ತುಂಬಿಸಿ ಬಡಿಸಿದಳು.

ತುಪ್ಪ ಅವತ್ತಿಗೆ ನಿಲ್ಲಲಿಲ್ಲ. ಒಂಬತ್ತು ತಿಂಗಳಿಂದ ದಿನಾ ಬರುತ್ತಿತ್ತು. ಹರಕೆಯ ವಿಷಯ ಬಾಯಿಬಿಟ್ಟರೆ ಫಲ ಕೆಡುತ್ತದೆಂದು ಊರೆಲ್ಲ ನಂಬಿರುವುದರಿಂದ ಯಾರೂ ಅವನನ್ನು ನೇರವಾಗಿ ಕೇಳುವಂತಿರಲಿಲ್ಲ, ಅವನೂ ಹೇಳುವಂತಿರಲಿಲ್ಲ. ಇಂಥ ಸೌಕರ್ಯ ಅವನಿಗೆ ಬದುಕಿನಲ್ಲಿ ಬೇರೆಲ್ಲೂ ಸಿಕ್ಕಿರಲಿಲ್ಲ. ಮಂಡಿಯ ಗುಮಾಸ್ತೆ ಸಿದ್ದಮಲ್ಲಪ್ಪನ ಕಿವಿಗೂ ಆ ಅರ್ಧ ಹರಕೆ ಹೇಗೋ ಬಿದ್ದು, ಯಜಮಾನರು ಬೆಲ್ಲದ ಮಂಡಿಗಾಗಿ ಗಡ್ಡ ಬಿಟ್ಟಿದ್ದಾರೆಂದು ಅವನು ತಿಳಿದಿದ್ದ. ಗಿರಾಕಿ ಹೆಚ್ಚಿದ ದಿನ "ಮಾದಪ್ಪ ಕಣ್ ಬುಟ್ಟ ಸಾ" ಎಂದು ಗಡ್ಡದ ಕಡೆಗೆ ಕೈಮುಗಿಯುತ್ತಿದ್ದ. ಒಂದೇ ಮಾತು, ಒಂದೇ ಗಡ್ಡ. ಹೆಂಡತಿಯ ಮಂಡಿ ವಾಸಿಯಾಯಿತು, ಬೆಲ್ಲದ ಮಂಡಿ ಚೆನ್ನಾಗಿ ನಡೆಯಿತು, ಯಾರಿಗಾಗಿ ಕೇಳಿದ್ದೋ ಆ ಮಹದೇವಯ್ಯ ಮಾತ್ರ ಹನ್ನೆರಡು ಆಟದಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ದೇವರಿಗೆ ವಿಳಾಸ ತಪ್ಪಿತೋ, ಅಥವಾ ಬೇಕೆಂದೇ ತನ್ನನ್ನು ಆಡಿಸುತ್ತಿದ್ದಾನೋ ತಿಳಿಯದು. ಇವತ್ತು ಸಂಜೆ ಕೆರೆ ಕೆಳಗಿನ ಬಯಲಿನಲ್ಲಿ ಮತ್ತೆ ಯಳಂದೂರಿನವರ ಜೊತೆ ಆಟ. ಇವತ್ತು ಮಹದೇವಯ್ಯ ಹೊಡೆದರೆ ನಾಳೆ ಒಳ್ಳೆಯ ಮನಸ್ಸಿನಿಂದ ಬೆಟ್ಟ ಹತ್ತಿ ತಲೆ ಬಗ್ಗಿಸಬಹುದು, ಎರಡು ಮಂಡಿಗೂ ಒಂದೇ ಮುಡಿ. ಹೊಡೆಯದಿದ್ದರೆ ದೇವರ ಎದುರಿಗೇ ಸುಳ್ಳು ಮುಡಿ ಕೊಡಬೇಕು, ಇಲ್ಲವೇ ಒಂಬತ್ತು ತಿಂಗಳು ತುಪ್ಪ ಬಡಿಸಿದವಳಿಗೆ ಅದು ಯಾರ ಮಂಡಿ ಎಂದು ಹೇಳಬೇಕು. ದೇವರೇ ವಾಸಿ, ಅವನು ಮುಖ ತಿರುಗಿಸಿಕೊಂಡು ಅಡಿಗೆಮನೆಗೆ ಹೋಗುವುದಿಲ್ಲ ಎಂದುಕೊಂಡು, ಹೆಗಲಿಗೆ ವಸ್ತ್ರ ಹಾಕಿ ಅವನು ಮನೆಯಿಂದ ಹೊರಬಿದ್ದ.

ಕಾಲು ಮಹದೇವಯ್ಯನ ಕೇರಿಯ ಕಡೆಗೆ ಹೊರಟಿತು. ಅದು ಗೊತ್ತಾದದ್ದು ಹುಣಸೆಮರದ ಹತ್ತಿರ ಬಂದ ಮೇಲೆ. ಅಲ್ಲಿಂದಾಚೆ ಅವನು ಎಂದೂ ಹೋಗಿರಲಿಲ್ಲ. ಈಗಲೂ ಹೋಗದೆ ಮರದ ಕೆಳಗೇ ನಿಂತು, ನೀರು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳಿಗೆ, ಮಾದೇವಯ್ಯನ್ನ ಸ್ವಲ್ಪ ಕಳಿಸವ್ವ ಎಂದ. ಕಾಯುತ್ತ ನಿಂತಾಗ ಆ ಹಳೆಯ ಸಂಜೆ ಮತ್ತೆ ನೆನಪಿಗೆ ಬಂತು. ಹೋದ ವರ್ಷದ ಹಿಂದಿನ ವರ್ಷ ಮಹದೇವಯ್ಯ ಇದೇ ಯಳಂದೂರಿನವರಿಗೆ ಎರಡು ಗೋಲು ಹೊಡೆದಿದ್ದ. ಬರಿಗಾಲು, ಕಣಕಾಲಿಗೆ ಹರಿದ ಪಂಚೆಯ ಪಟ್ಟಿ. ಎರಡನೆಯದಂತೂ ಮೂರು ಜನರ ನಡುವಿನಿಂದ, ಸಂತೆಯಲ್ಲಿ ಕಳೆದುಹೋದ ಕರು ತಾಯಿಯನ್ನು ಕಂಡಾಗ ನುಗ್ಗುವ ಹಾಗೆ ನುಗ್ಗಿ ಹೊಡೆದದ್ದು. ವೃಷಭೇಂದ್ರಪ್ಪ ಬಯಲಿಗೆ ಓಡಿ ಅವನನ್ನು ತಬ್ಬಿಕೊಂಡಿದ್ದ, ಬೆವರಿನ ಸಮೇತ ಎತ್ತಿಕೊಂಡಿದ್ದ, ಅವನ ಕೂದಲಿನಲ್ಲಿ ಮೂಗಿಟ್ಟು ಅತ್ತಿದ್ದ. ಆ ಹೊತ್ತಿನಲ್ಲಿ ಅವನಿಗೆ ಆ ಹುಡುಗನಿಗಿಂತ ಹತ್ತಿರದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದ. ಮೈಯೆಲ್ಲ ಧೂಳು, ಅದಕ್ಕೇ ಸ್ನಾನ ಎಂದು ಹೆಂಡತಿಗೆ ಹೇಳಿದ. ಅವಳು ಕೇಳಿಯೇ ಇರಲಿಲ್ಲ. ಕೇಳದೆ ಹೇಳಿದ ಆ ಮಾತು ಅವನ ಒಳಗೆ ಎಲ್ಲೋ ಸಿಕ್ಕಿಕೊಂಡು ಹಲ್ಲಿನ ಸಂದಿಯ ನಾರಿನಂತೆ ಆಗಾಗ ನಾಲಿಗೆಗೆ ತಗಲುತ್ತಿತ್ತು.

ಮಹದೇವಯ್ಯ ಹೆಗಲಿನ ಟವಲನ್ನು ಕೈಗೆ ತೆಗೆದುಕೊಂಡು ಬಂದು ನಾಲ್ಕು ಮಾರು ದೂರದಲ್ಲಿ ನಿಂತ. ಬಯಲಿನಲ್ಲಿ ಅವನನ್ನು ಹೆಸರು ಹಿಡಿದು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವ ವೃಷಭೇಂದ್ರಪ್ಪನಿಗೆ ಇಲ್ಲಿ ಅವನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ.

"ಮಂಡಿ ಎಂಗದ್ಲಾ?" ಎಂದ.

"ಸಂದಾಗದೆ ಬುದ್ದಿ."

"ಸಂಜೆಗೆ ತಡೀತದಾ? ನಾಟಿವೈದ್ಯರ ಎಣ್ಣೆ ಏನಾರ ತರ್ಸ್ಲಾ?"

ಮಹದೇವಯ್ಯ ಟವಲಿನ ಅಂಚನ್ನು ಹಿಂಡಿದ. "ಬುದ್ದಿ, ಅದು ವಾಸಿಯಾಗಿ ಎಂಟು ತಿಂಗ್ಳಾಯ್ತು."

"ಎಂಟು ತಿಂಗ್ಳಾ? ಮತ್ತೆ ಗೋಲ್ ಯಾಕ್ ಒಡೀನಿಲ್ಲ?"

ಹುಡುಗ ಮೊದಲು ನೆಲ ನೋಡಿದ, ಆಮೇಲೆ ಹುಣಸೆಮರ ನೋಡಿದ, ಕೊನೆಗೆ ಬೇರೆ ಏನೂ ಸಿಗದೆ ಗಡ್ಡವನ್ನು ನೋಡಿದ. "ತಪ್ಪು ತಿಳ್ಕಬ್ಯಾಡಿ ಬುದ್ದಿ. ತಮ್ಮ ಗಡ್ಡ."

"ನನ್ನ ಗಡ್ಡ ಏನ್ ಮಾಡ್ತ್ಲಾ ನಿಂಗೆ?"

"ನಮ್ ಗುರುಮಲ್ಲಪ್ಪೋರು ಕಚೇರೀಲಿ ಏಳ್ಬುಟ್ರು, ಅದು ನಂಗೋಸ್ಕರ ಬುಟ್ಟಿರಾದು ಅಂತವ. ಅವತ್ತಿಂದ ಚೆಂಡ್ ತಕಂಡು ಓಯ್ತೀನಿ, ಓಯ್ತೀನಿ, ಇನ್ನೇನ್ ಒಡೀಬೇಕು, ತಲೆ ಎತ್ತುದ್ರೆ ಗೋಲಿನ್ ಇಂದ್ಗಡೆ ತಾವು ನಿಂತಿರ್ತೀರಿ. ಗಡ್ಡ ಓದ್ ಸಲಕ್ಕಿಂತ ಒಂದು ಬೆಟ್ಟು ಉದ್ದ. ಕಾಲೇ ಏಳಲ್ಲ ಬುದ್ದಿ. ಕೈ ಮುಗೀತೀನಿ, ಬೋಳ್ಸ್ಕಬುಡಿ. ಇವತ್ತು ಒಡೀನಿಲ್ಲ ಅಂದ್ರೆ ಟೀಮಿಂದ ತಗೀತೀನಿ ಅಂದವ್ರೆ ಕ್ಯಾಪ್ಟನ್ನು."

ಗುರುಮಲ್ಲಪ್ಪ ಜವಳಿ ಅಂಗಡಿಯವನು, ಪ್ರತಿ ಆಟಕ್ಕೂ ವೃಷಭೇಂದ್ರಪ್ಪನ ಪಕ್ಕದಲ್ಲಿ ನಿಂತು ಕೂಗುವ ಗೆಳೆಯ. ಹರಕೆಯ ಉಳಿದರ್ಧವನ್ನು ಅವನೊಬ್ಬನಿಗೇ, ಅದೂ ಆಣೆ ಹಾಕಿಸಿಕೊಂಡು, ಹೇಳಿದ್ದು. ಅವನ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆ. ಹನ್ನೆರಡು ಆಟದಲ್ಲೂ ಅವನು ಮಹದೇವಯ್ಯನ ಪರವಾಗಿ ಊರಿನೊಂದಿಗೆ ಜಗಳವಾಡಿದ್ದ: ಗಾಳಿ ಎದುರಿಗಿತ್ತು, ಚೆಂಡಿಗೆ ಗಾಳಿ ಕಮ್ಮಿಯಿತ್ತು, ಗೋಲಿನ ಬೊಂಬು ವಾಲಿತ್ತು, ಮಂಡಿ ಕಣ್ರಯ್ಯ ಮಂಡಿ! ಈಗ ನೋಡಿದರೆ ಕೊಳ್ಳೇಗಾಲದ ಪಾಲಿನ ಶನಿ ತನ್ನ ಮುಖದ ಮೇಲೇ ಬೆಳೆಯುತ್ತಿತ್ತು. ಅದಕ್ಕೆ ದಿನಾ ಸಾಕ್ಷಾತ್ ತುಪ್ಪದ ಆರೈಕೆ ಬೇರೆ.

ಅಷ್ಟರಲ್ಲಿ ಮಹದೇವಯ್ಯನ ತಾಯಿ ಚಿಕ್ಕನಿಂಗಮ್ಮ ಬಂದಳು. ಕೈಯಲ್ಲಿ ತೊಳೆದು ಫಳಫಳ ಹೊಳೆಯುವ ಹಿತ್ತಾಳೆ ಲೋಟ, ಅದರ ತುಂಬ ಮಜ್ಜಿಗೆ. ಮಗನಿಗಾಗಿ ಗಡ್ಡ ಬಿಟ್ಟ ದೊಡ್ಡ ಮನುಷ್ಯ ತಮ್ಮ ಕೇರಿಯ ಬಾಗಿಲವರೆಗೆ ಬಂದಿದ್ದಾನೆಂಬ ಸಂಭ್ರಮ ಅವಳ ಮುಖದಲ್ಲಿ ಇತ್ತು. ಲೋಟವನ್ನು ಮುಂದಕ್ಕೆ ಹಿಡಿಯಲೋ ಕೆಳಗಿಡಲೋ ತಿಳಿಯದೆ ನಡುವೆಯೇ ಹಿಡಿದು ನಿಂತಳು. ವೃಷಭೇಂದ್ರಪ್ಪನ ಬಾಯಿ ಒಣಗಿತ್ತು. ಕೈ ಅರ್ಧ ಎದ್ದಿತು. "ಅರಕೇಲಿ ಇವ್ನಿ ಕಣವ್ವ, ಒರ್ಗಡೆ ಏನೂ ಮುಟ್ಟಂಗಿಲ್ಲ" ಎಂದು ಆ ಕೈಯಿಂದ ಗಡ್ಡ ನೀವಿಕೊಂಡ. ಅವಳು ನಂಬಿ, "ಅಂಗಾರೆ ಬ್ಯಾಡಿ ಬುಡಿ, ದೇವ್ರು ಮುನುಸ್ಕತನೆ" ಎಂದು ಭಕ್ತಿಯಿಂದ ಹಿಂದೆ ಸರಿದಳು. ಮಹದೇವಯ್ಯ ನಂಬಲಿಲ್ಲ. ನಿನ್ನೆ ತಾನೇ ಕಚೇರಿ ಎದುರಿನ ಹೋಟೆಲಿನಲ್ಲಿ ಈ ಹರಕೆಯ ಮನುಷ್ಯ ಎರಡು ವಡೆ ತಿಂದದ್ದನ್ನು ಅವನು ನೋಡಿದ್ದ. ಅವನು ತಾಯಿಯ ಕೈಯಿಂದ ಲೋಟ ತೆಗೆದುಕೊಂಡು ತಾನೇ ಕುಡಿದ. ವೃಷಭೇಂದ್ರಪ್ಪನಿಗೆ ನಾಚಿಕೆಯಾಯಿತು. ಬಿಸಿಲು ಏರುವ ಮುಂಚೆ ಹೋಗಬೇಕು ಎಂದು ಹೇಳಿ, ಮೋಡ ಮುಚ್ಚಿದ ಆಕಾಶದ ಕೆಳಗೆ ಬೇಗ ಬೇಗ ನಡೆದುಬಿಟ್ಟ.

ಬರುವ ದಾರಿಯಲ್ಲಿ ಕ್ಷೌರದ ಬಸವಣ್ಣ ಅಂಗಡಿಯ ಬಾಗಿಲಲ್ಲಿ ಕತ್ತಿ ಮಸೆಯುತ್ತ ಕೂತಿದ್ದ. ಒಂಬತ್ತು ತಿಂಗಳಿಂದ ಅವನು ಈ ಗಡ್ಡವನ್ನು, ಕೊಯ್ಲಿಗೆ ಬಂದ ಗದ್ದೆಯನ್ನು ರೈತ ನೋಡುವ ಹಾಗೆ ನೋಡುತ್ತಿದ್ದ. ಒಳಗೆ ಹೋಗಿ ಕೂತರೆ ಕಾಲು ಗಂಟೆಯ ಕೆಲಸ. ಎಲ್ಲರಿಗೂ ಬೇಕಾದದ್ದೂ ಅದೇ. ಹೆಂಡತಿ ಬೋಳಿಸು ಅನ್ನುತ್ತಾಳೆ, ಮಹದೇವಯ್ಯ ಕೈಮುಗಿದು ಬೋಳಿಸು ಅನ್ನುತ್ತಾನೆ. ಆದರೆ ಬೋಳಿಸಿಕೊಂಡು ಹೋಗಿ, ಮಹದೇವಯ್ಯ ಗೋಲು ಹೊಡೆದೇಬಿಟ್ಟರೆ? ಆಗ ಹನ್ನೆರಡು ಆಟವನ್ನೂ ಸೋಲಿಸಿದವನು ತಾನೇ ಎಂದು ಸಾಬೀತಾಗುತ್ತದೆ. ಹೊಡೆಯದಿದ್ದರೆ ಹರಕೆ ಮುರಿದದ್ದಕ್ಕೇ ಹೊಡೆಯಲಿಲ್ಲ ಎಂದಾಗುತ್ತದೆ. ಎರಡು ಕಡೆಯಿಂದಲೂ ತಪ್ಪು ತನ್ನದೇ ಆಗುವ ಈ ಲೆಕ್ಕ ಅವನಿಗೆ ಭಯ ಹುಟ್ಟಿಸಿದರೂ, ಒಳಗೊಳಗೆ ಒಂದು ಕಳ್ಳ ಸಂತೋಷವನ್ನೂ ಕೊಟ್ಟಿತು. ಬೆಲ್ಲದ ಮಂಡಿಯ ವೃಷಭೇಂದ್ರಪ್ಪ ಇಷ್ಟು ಮುಖ್ಯನಾದ ಮನುಷ್ಯನೆಂದು ಅವನಿಗೇ ಇದುವರೆಗೆ ಗೊತ್ತಿರಲಿಲ್ಲ. ಅವನು ಬಸವಣ್ಣನಿಗೆ ಗಡ್ಡ ತೋರಿಸದೆ ಮುಖ ಪಕ್ಕಕ್ಕೆ ತಿರುಗಿಸಿ ದಾಟಿದ.

ಸಂಜೆ ಬಯಲಿಗೆ ಬಂದಾಗ ಅವನ ತಲೆಗೂ ಗದ್ದಕ್ಕೂ ಸೇರಿಸಿ ವಸ್ತ್ರ ಸುತ್ತಿತ್ತು, ಮೇಲುಗಡೆ ಗಂಟು. ಗಡ್ಡವೆಲ್ಲ ಒಳಗೆ. ನೋಡಿದವರೆಲ್ಲ ಹಲ್ಲುನೋವಿಗೆ ಲವಂಗ ಇಡಿ, ಬೇವಿನ ಕಡ್ಡಿ ಜಗಿಯಿರಿ ಎಂದು ಹೇಳಿ ಹೋದರು. ಯಳಂದೂರಿನಿಂದ ಎರಡು ಗಾಡಿ ತುಂಬ ಜನ ಬಂದಿದ್ದರು, ಅವರಲ್ಲೊಬ್ಬ "ಮದ್ರಾಸ್ನೋರ್ಗೆ ನಾವ್ ಒದೆಯಾಕ್ ಮುಂಚೇನೇ ಹಲ್ ಉದ್ರೋಗವೆ ಕಣ್ಲಾ!" ಎಂದು ಕೂಗಿದ. ಅಷ್ಟು ಜನರೂ ನಕ್ಕರು. ಬೇರೆ ದಿನವಾಗಿದ್ದರೆ ವೃಷಭೇಂದ್ರಪ್ಪ ಮೈಸೂರು ಸೀಮೆಯ ಏಳು ತಲೆಮಾರನ್ನು ಜಾಲಾಡುತ್ತಿದ್ದ. ಇವತ್ತು ಸುಮ್ಮನೆ ಗೋಲಿನ ಹಿಂದಿನ ತನ್ನ ಮಾಮೂಲು ಜಾಗ ಬಿಟ್ಟು, ಬಯಲಿನ ಅಂಚಿನಲ್ಲಿ ರಸ್ತೆಗೆ ಹೊಂದಿಕೊಂಡಿದ್ದ ಹೊಂಗೆಮರದ ಬುಡಕ್ಕೆ ಹೋದ. ವಸ್ತ್ರ ಸುತ್ತಿದರೂ ಗಡ್ಡ ಗಡ್ಡವೇ. ಹುಡುಗ ಗುರುತು ಹಿಡಿದುಬಿಟ್ಟರೆ? ಅದಕ್ಕೇ ಆಟಕ್ಕೆ ಬೆನ್ನು ತಿರುಗಿಸಿ ರಸ್ತೆಗೆ ಮುಖಮಾಡಿ ನಿಂತ. ಆಟ ನೋಡುವುದಕ್ಕೆಂದೇ ಬಂದು ಆಟಕ್ಕೆ ಬೆನ್ನು ಹಾಕಿ ನಿಂತ ಮನುಷ್ಯ ಆ ತಾಲ್ಲೂಕಿನಲ್ಲಿ ಅವನೊಬ್ಬನೇ.

ಸೀಟಿ ಊದಿತು. ಕಣ್ಣಿಗೆ ಖಾಲಿ ರಸ್ತೆ, ಕಿವಿಗೆ ಆಟ. ಚೆಂಡಿಗೆ ಕಾಲು ಬಿದ್ದ ದಪ್ಪ ಸದ್ದು ಬರುತ್ತಿತ್ತು, ಅದು ಯಾರ ಕಾಲು ಎಂದು ತಿಳಿಯುವುದಿಲ್ಲ. ಜನ ಓ ಎಂದು ಏರಿ ಅಯ್ಯೋ ಎಂದು ಇಳಿಯುತ್ತಿದ್ದರು, ಆ ಅಯ್ಯೋ ಮಹದೇವಯ್ಯನದೇ ಇರಬೇಕು. ತಿರುಗಬೇಕೆಂದು ಕತ್ತು ತುರಿಸಿತು. ವಸ್ತ್ರದೊಳಗೆ ಗಡ್ಡವೂ ತುರಿಸಿತು. ಆ ಲೋಟವನ್ನು ತೆಗೆದುಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ. ಮಜ್ಜಿಗೆ ಒಳ್ಳೆಯ ಹುಳಿಯಿದ್ದಿರಬೇಕು. ಮುಡಿ ಕೊಟ್ಟು ಬಂದ ಮೇಲೆ, ಹೇಳಿಕೊಳ್ಳಲು ಹರಕೆ ಇಲ್ಲದಿದ್ದಾಗ, ಅವಳು ಮತ್ತೆ ತಂದುಕೊಟ್ಟರೆ ಕುಡಿಯುತ್ತೇನೆಯೇ ಎಂದು ತನ್ನನ್ನೇ ಕೇಳಿಕೊಂಡ. ಸಿಕ್ಕ ಉತ್ತರ ಇಷ್ಟವಾಗಲಿಲ್ಲ. ಆಗ ಪೇಟೆಯ ಕಡೆಯಿಂದ ಒಬ್ಬ ಹೆಂಗಸು ಬರುವುದು ಕಂಡಿತು.

ಬಲಗೈಯಲ್ಲಿ ಚೀಲ, ಎಡಗೈ ಮಂಡಿಯ ಮೇಲೆ. ಎರಡು ಹೆಜ್ಜೆ ಹಾಕುವುದು, ನಿಲ್ಲುವುದು. ಎಡಗಾಲನ್ನು ನೆಲದಿಂದ ಎತ್ತದೆ ಎಳೆದುಕೊಂಡು ಬರುವುದು. ಯಾವ ಮನೆಯ ಮುದುಕಿಯೋ, ಪಾಪ, ಮನೆಯಲ್ಲಿ ಗಂಡಸರಿಲ್ಲವೇ, ಇವಳನ್ನು ಪೇಟೆಗೆ ಕಳಿಸಿದ್ದಾರಲ್ಲ ಎಂದುಕೊಂಡ. ಅವಳು ಮೋರಿಯ ಕಟ್ಟೆಯನ್ನು ಹಿಡಿದು ಮೆಲ್ಲಗೆ ಕೂತು, ಅತ್ತಿತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಸೀರೆಯ ಮೇಲಿನಿಂದಲೇ ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಂಡಳು. ಚೀಲದ ಬಾಯಿಂದ ನಾಳೆಯ ಪೂಜೆಯ ಎರಡು ತೆಂಗಿನಕಾಯಿ ಇಣುಕುತ್ತಿದ್ದವು. ಆಗ ಅವನಿಗೆ ಗುರುತು ಹತ್ತಿತು. ಅದು ಮಹಾದೇವಮ್ಮ.

ಹೊಸ್ತಿಲು ದಾಟಿ ತೋರಿಸಿದ್ದಳಲ್ಲ. ಒಂದೇ ಒಂದು ಹೊಸ್ತಿಲು, ಬಾಗಿಲ ಚೌಕಟ್ಟು ಹಿಡಿದುಕೊಂಡು. ಅದು ಅವನಿಗೆ ಈಗ ಕಂಡಿತು. ಒಂಬತ್ತು ತಿಂಗಳಲ್ಲಿ ಮಹದೇವಯ್ಯನ ಮಂಡಿಯನ್ನು ನೋಡಿದಷ್ಟು ಸಲ ಅವನು ಹೆಂಡತಿಯ ಮುಖವನ್ನೂ ನೋಡಿರಲಿಲ್ಲ. ಅವಳು ಮುದ್ದೆಯ ನಡುವೆ ತುಪ್ಪ ಹಾಕಿ ಎದ್ದೇಳುವಾಗ ಗೋಡೆ ಹಿಡಿಯುತ್ತಿದ್ದಳೇ? ಹಿಡಿಯುತ್ತಿದ್ದಿರಬೇಕು. ಅವನ ಕಣ್ಣು ತುಪ್ಪದ ಮೇಲಿರುತ್ತಿತ್ತು. ಅವನಿಗೆ ಅಳು ಬಂತು. ಸರಿಯಾಗಿ ಆ ಕ್ಷಣ ಅವನ ಬೆನ್ನ ಹಿಂದೆ ಬಯಲೇ ಬಾಯಿಬಿಟ್ಟಂತೆ ಕೂಗೆದ್ದಿತು. ಗೋಲು. ಟೋಪಿಗಳು ಮೇಲಕ್ಕೆ ಹಾರಿದವು, ಒಂದು ಅವನ ಕಾಲ ಬಳಿಯೇ ಬಂದು ಬಿತ್ತು. ಒಂಬತ್ತು ತಿಂಗಳು ಕಾದಿದ್ದ ಆ ಕೂಗಿಗೆ ಅವನು ತಿರುಗಲಿಲ್ಲ. ತಿರುಗಬೇಕೆಂದೇ ಅವನಿಗೆ ಹೊಳೆಯಲಿಲ್ಲ.

ಕೂಗಿಗೆ ಬೆಚ್ಚಿ ತಲೆಯೆತ್ತಿದ ಮಹಾದೇವಮ್ಮ ಮರದ ಕೆಳಗೆ ಗಂಡನನ್ನು ಕಂಡಳು. ತಟ್ಟನೆ ಎದ್ದು ನಿಂತಳು, ಚೀಲ ಕೈಗೆ ತೆಗೆದುಕೊಂಡು, ಮದುವಣಗಿತ್ತಿಯ ಹಾಗೆ ನೆಟ್ಟಗೆ ನಡೆದು ಬಂದಳು. ಮುಖ ಮಾತ್ರ ಬೆಳ್ಳಗಾಗಿತ್ತು. "ಇದೇನ್ರೀ ಮೂತಿಗೆ ಕಟ್ಕಂಡಿರಾದು, ಅಲ್ಲುನೋವಾ?" ಎಂದು ಕೇಳುವುದರೊಳಗೆ ಗುರುಮಲ್ಲಪ್ಪ ಬಯಲಿನಿಂದ ಓಡಿಬಂದು ವೃಷಭೇಂದ್ರಪ್ಪನ ಬೆನ್ನಿಗೆ ಗುದ್ದಿದ.

"ತೀರ್ತು ಕಣಯ್ಯ ನಿನ್ ಅರಕೆ! ಚೆಂಡು ಬಂದು ಮಾದೇವಯ್ಯನ ಮಂಡಿಗೇ ಬಡೀತು, ಅದೇ ಬಲಮಂಡಿಗೆ, ಅಂಗೇ ಒಳೀಕೆ ಓಯ್ತು! ಅವ್ನಿಗೇ ಗೊತ್ತಿಲ್ಲ ಎಂಗಾಯ್ತು ಅಂತ! ಮಂಡಿ ಮಂಡಿ ಅಂತಿದ್ದಲ್ಲ, ಮಾದಪ್ಪ ಮಂಡೀಲೇ ಕೊಟ್ಟ ನೋಡು!" ಎಂದವನು ಮಹಾದೇವಮ್ಮನನ್ನು ಕಂಡು, ಬಾಯಿ ತೆರೆದೇ ಹಿಂದಕ್ಕೆ ಹೆಜ್ಜೆಯಿಟ್ಟು, ಜನದೊಳಗೆ ಮಾಯವಾದ.

ಮಹಾದೇವಮ್ಮ ಚೀಲ ಕೆಳಗಿಟ್ಟಳು. "ಯಾರ ಮಂಡಿ?" ಎಂದಳು.

ವೃಷಭೇಂದ್ರಪ್ಪ ವಸ್ತ್ರದ ಗಂಟು ಬಿಚ್ಚಿದ. ಗಡ್ಡ ಹೊರಗೆ ಬಿತ್ತು. "ಮಾದೇವಯ್ಯಂದು."

"ಒಂಬತ್ ತಿಂಗ್ಳೂವಾ?"

"ಊಂ."

"ತುಪ್ಪ ತಿಂದ್ರಲ್ಲ."

"ತಿಂದೆ."

ಅವಳು ಮುಖ ತಿರುಗಿಸಿದಳು. ಇಲ್ಲಿ ಅಡಿಗೆಮನೆ ಇರಲಿಲ್ಲವಾದ್ದರಿಂದ ಎಲ್ಲಿಗೂ ಹೋಗಲಿಲ್ಲ. ಅವನೇ, "ನಿನ್ ಮಂಡಿ ವಾಸಿಯಾಗಿಲ್ಲ" ಎಂದ.

"ಆಗದೆ."

"ಆಗಿಲ್ಲ ಕಣಮ್ಮಿ. ನಾನ್ ನೋಡ್ದಿ. ಮೋರಿತಾವ."

"ಯಾವಾಗ ನೋಡುದ್ರಿ?"

"ಈಗ್ಲೇ. ಗೋಲ್ ಬೀಳ್ವಾಗ."

ಮಹಾದೇವಮ್ಮ ಇತ್ತ ತಿರುಗಿದಳು. "ಅಂಗಾರೆ ಗೋಲ್ ನೋಡ್ನಿಲ್ವಾ ನೀವು?"

"ಇಲ್ಲ."

ಅವಳ ತುಟಿ ಅದುರಿತು, ಅಳುವುದಕ್ಕೋ ನಗುವುದಕ್ಕೋ ಅವನಿಗೆ ಗೊತ್ತಾಗಲಿಲ್ಲ. "ನನ್ನಿಂದ ನಿಮ್ಗೆ ಈ ಗತಿ ಬಂತಲ್ಲ ಅಂತ ಸಂಕ್ಟ ಆಗದು. ನಿಮ್ ಮೂತಿ ನೋಡಕಾಗ್ದೆ ವಾಸಿಯಾಯ್ತು ಅಂದಿ" ಎಂದಳು. ಏನೂ ತೋಚದಾಗ ವೃಷಭೇಂದ್ರಪ್ಪನ ಬಾಯಿಗೆ ಬರುವುದು ದೊಡ್ಡ ಮಾತು. "ನಾಳಿಕೆ ಬೆಟ್ಟದಲ್ಲಿ ಅವಂದು ತೀರ್ಸ್‌ಬುಟ್ಟು, ಅಲ್ಲೇ ನಿನ್ ಮಂಡಿಗೆ ಬ್ಯಾರೆ ಅರಕೆ ಕಟ್ಕತೀನಿ. ಎರಡು ವರ್ಷ ಆಗ್ಲಿ, ಕತ್ತಿ ಮುಟ್ಸಲ್ಲ" ಎಂದ.

"ಅಯ್ಯಯ್ಯೋ, ಇನ್ನೊಂದ್ ಗಡ್ಡವಾ!" ಎಂದು ಮಹಾದೇವಮ್ಮ ಎರಡೂ ಕೈಯೆತ್ತಿದಳು. "ಬ್ಯಾಡ, ನಿಮ್ಮ ದಮ್ಮಯ್ಯ. ನನ್ನ ಕಾಮಗೆರೆ ಆಸ್ಪತ್ರೆಗೆ ಕರ್ಕಂಡೋಗಿ, ಸಾಕು."

ಅವನು ಚೀಲ ಎತ್ತಿಕೊಂಡ. ಅವಳು ಹಗಲು ಹೊತ್ತಿನಲ್ಲಿ, ನಡುರಸ್ತೆಯಲ್ಲಿ, ಯಳಂದೂರಿನವರೆಲ್ಲ ನೋಡುವ ಹಾಗೆ ಅವನ ಹೆಗಲಿನ ಮೇಲೆ ಕೈ ಹಾಕಿ, ಅಡಗಿಸಿಟ್ಟಿದ್ದ ನೋವನ್ನೆಲ್ಲ ಬಿಚ್ಚಿ ಧಾರಾಳವಾಗಿ ಕುಂಟತೊಡಗಿದಳು. ಮೋರಿ ದಾಟುವಷ್ಟರಲ್ಲಿ ಹಿಂದಿನಿಂದ ಮತ್ತೆ ಕೂಗೆದ್ದಿತು, ಮಾದೇವಯ್ಯಾ, ಮಾದೇವಯ್ಯಾ ಎಂದು. ಮೊದಲಿನದಕ್ಕಿಂತ ದೊಡ್ಡ ಕೂಗು. ವೃಷಭೇಂದ್ರಪ್ಪನ ಕತ್ತು ತಾನಾಗಿಯೇ ಅತ್ತ ಹೊರಳಿತು. ಮಹಾದೇವಮ್ಮ ಇನ್ನೂ ಸ್ವಲ್ಪ ಜೋರಾಗಿ ಕುಂಟಿದಳು.